ಮೇಷ್ಟ್ರ ಡಿಸ್ಕು, ಮೊಮ್ಮಗಳ ಸಿಟ್ಟು

"ಇಲ್ಲಿ ಜ್ಞಾನೇಶ್ ಅನ್ನೋರು ಯಾರ್ರೀ?"

ತಿಪಟೂರು ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯ ಆ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದದ್ದೇ ಒಬ್ಬ. ಆದರೂ ವರ್ಷಿಣಿ ಹಾಗೆ ಕೇಳಿದಳು. ಜಗಳಕ್ಕೆ ಬಂದವರು ಹೆಸರು ಹಿಡಿದೇ ಶುರು ಮಾಡಬೇಕು ಎಂಬುದು ಅವಳ ಪದ್ಧತಿ.

"ನಾನೇ. ಹೇಳಿ."

"ಹೇಳೋದೇನು... ನೋಡಿ!"

ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಕೌಂಟರ್ ಮೇಲಿಟ್ಟಳು. ಅದರ ಪಕ್ಕಕ್ಕೆ ಕಪ್ಪು ಬಣ್ಣದ ಒಂದು ಚಪ್ಪಟೆ ಡಿವಿಡಿ ಡ್ರೈವ್, ವೈರಿನ ಸಮೇತ. ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಎರಡು ಡಿಸ್ಕು.

"ಲ್ಯಾಪ್‌ಟಾಪ್ ಸ್ಲೋ ಆಗೈತೆ, ಸ್ವಲ್ಪ ನೋಡಿ ಅಂತ ಶೆಟ್ಟಿಕೆರೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದು ನಾನೇ. ನೀವು ವಿಂಡೋಸ್ ಕಿತ್ತಾಕಿ ಅದೇನೋ ಲಿನಕ್ಸ್ ಹಾಕಿ ಕಳಿಸಿದ್ರಿ. ಅದಕ್ಕೆ ಮುಂಚೆ ಈ ಡ್ರೈವ್ ಚೆನ್ನಾಗೇ ಓಡ್ತಿತ್ತು. ಈಗ ಯಾವ ಡಿಸ್ಕ್ ಹಾಕಿದ್ರೂ ಓದಲ್ಲ!"

"ಫೋನ್ ಮಾಡಿ ಕೇಳಿದ್ದೆನಲ್ರೀ? ಹಾಕಿ ಅಂದ್ರಿ."

"ಹಾಕಿ ಅಂದೆ. ಹಾಳು ಮಾಡಿ ಅಂದ್ನಾ?"

ಜ್ಞಾನೇಶ್‌ಗೆ ನಗು ಬಂತು. ತಡೆದುಕೊಂಡ. ಆದರೆ ಕಣ್ಣಲ್ಲಿ ಅದು ಉಳಿದುಬಿಟ್ಟಿತ್ತು, ವರ್ಷಿಣಿ ನೋಡಿಯೂಬಿಟ್ಟಳು.

*ನಗ್ತಾನೆ ಬೇರೆ! ಇರು, ನಿನಗೆ ಮಾಡ್ತೀನಿ...*

ಅವಳ ಸಿಟ್ಟಿಗೆ ಕಾರಣವಿತ್ತು ಕಣ್ರೀ. ಮೊದಲು ಅದನ್ನು ಕೇಳಿ, ಆಮೇಲೆ ಅವಳನ್ನು ಬೈಯಿರಿ.

ವರ್ಷಿಣಿ ಶೆಟ್ಟಿಕೆರೆಯ ಮರುಳಸಿದ್ದಯ್ಯ ಮೇಷ್ಟ್ರ ಮೊಮ್ಮಗಳು. ಹಾರ್ಮೋನಿಯಂ ಮುಂದೆ ಕೂತು ಊರವರಿಗೆ ಪಾರ್ಟು, ಹಾಡು ಹೇಳಿಕೊಟ್ಟು ನಾಟಕ ಕಟ್ಟಿಸುವುದು ಆ ಮೇಷ್ಟ್ರ ಕಸುಬು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಮಾತೂ ಹೋಯಿತು, ಬಲಗೈಯೂ ಬಿದ್ದಿತು. ಈಗ ಊರಿನ ಹೆಂಗಸರ ಸಂಘದವರು ಮೇಷ್ಟ್ರೇ ಬರೆದ ನಾಟಕವನ್ನು ಆಡುತ್ತೇವೆಂದು ಹೊರಟಿದ್ದರು. ಎಲ್ಲಾ ಪಾರ್ಟೂ ಹೆಂಗಸರದೇ! ಹೇಳಿಕೊಡಲು ವರ್ಷಿಣಿ. ಆ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ನಾಟಕದ ಮೇಷ್ಟ್ರಾಗಿದ್ದು ಯಾರಿಗೂ ನೆನಪಿರಲಿಲ್ಲ.

"ಈ ಹುಡುಗಿ ಕೈಲಿ ಆಯ್ತದಾ?" ಎಂದು ಕೆಲವರು ಮೂಗು ಮುರಿದಾಗ ಸಂಘದ ಅಧ್ಯಕ್ಷೆ ಭೈರಮ್ಮ ಖಡಕ್ಕಾಗಿ ಹೇಳಿದ್ದರು. ಭಾನುವಾರ ಮೊದಲ ಪ್ರಾಕ್ಟೀಸು. ಆವತ್ತು ನೋಡೋಣ. ಸರಿಬರದಿದ್ದರೆ ತುರುವೇಕೆರೆಯಿಂದ ಪರಮೇಶ್ ಮೇಷ್ಟ್ರನ್ನು ಕರೆಸುವುದು.

ನಾಟಕದ ಪುಸ್ತಕ ಮನೆಯಲ್ಲಿತ್ತು. ಹಾಡುಗಳೂ ಅದರಲ್ಲಿದ್ದವು. ಆದರೆ ಆ ನಲವತ್ತು ಹಾಡುಗಳ ಮಟ್ಟು? ಯಾವುದನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು? ಅದು ಇದ್ದದ್ದು ತಾತನ ಗಂಟಲಲ್ಲಿ ಮಾತ್ರ. ಗಂಟಲು ಗಟ್ಟಿಯಿದ್ದ ಕಾಲದಲ್ಲಿ ಅವರು ಹಾಡಿ ರೆಕಾರ್ಡ್ ಮಾಡಿಸಿದ್ದ ಈ ಎರಡು ಡಿಸ್ಕು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ಇವತ್ತಾಗಲೇ ಸೋಮವಾರ.

"ನಿಮ್ಮ ಅಂಗಡಿ ಡ್ರೈವಲ್ಲಾದ್ರೂ ಹಾಕಿ ನೋಡ್ರೀ," ಎಂದಳು.

"ಇದ್ದ ಎರಡೂ ಕೆಟ್ಟು ವರ್ಷ ಆಯ್ತು. ಈಗ ಯಾರು ಡಿಸ್ಕ್ ತರ್ತಾರೆ ಹೇಳಿ? ಹೊಸದು ತರಿಸಿದ್ರೆ ಮುಂದಿನ ವಾರ ಬರುತ್ತೆ. ಮೊದ್ಲು ಇದಕ್ಕೇನಾಗಿದೆ ನೋಡೋಣ, ಕೂತ್ಕೊಳ್ಳಿ."

ಅವಳು ಕೂರಲಿಲ್ಲ. ಅವನು ಡ್ರೈವನ್ನು ಸಿಕ್ಕಿಸಿದ. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದು ಏನೋ ಟೈಪ್ ಮಾಡಿದ. ಬಿಳಿ ಅಕ್ಷರದ ಸಾಲುಗಳು ಸರಸರನೆ ಇಳಿದವು.

"ಇಲ್ಲಿ ನೋಡಿ. ಎಸ್‌ಆರ್ ಸೊನ್ನೆ ಅಂತ ಬಂತಲ್ಲ? ಲಿನಕ್ಸ್ ನಿಮ್ಮ ಡ್ರೈವಿಗೆ ಇಟ್ಟಿರೋ ಹೆಸರು ಅದು. ಗುರುತು ಹಿಡಿದಿದೆ, ಹೆಸರೂ ಕೊಟ್ಟಿದೆ. ಅಂದ್ರೆ ಲಿನಕ್ಸ್ ತಪ್ಪಲ್ಲ."

"ಹೆಸರಿಟ್ಟು ಏನ್ ಮಾಡ್ಲಿ? ಓದಬೇಕಲ್ವಾ!"

ಡಿಸ್ಕ್ ಹಾಕಿದ. ಗುರ್ರ್... ಟಕ್, ಟಕ್, ಟಕ್... ನಿಂತುಹೋಯಿತು.

"ಒಳಗೆ ಡಿಸ್ಕೇ ಇಲ್ಲ ಅಂತಿದೆ," ಎಂದ.

"ಇಲ್ಲ ಅಂದ್ರೆ? ಕಣ್ಮುಂದೆ ಹಾಕಿದ್ರಲ್ರೀ!"

"ನಮ್ ಕಣ್ಣಿಗೆ ಕಾಣುತ್ತೆ. ಅದರ ಕಣ್ಣಿಗೆ ಕಾಣ್ತಿಲ್ಲ."

ಮೊದಲು ಕರೆಂಟ್ ಸಾಲುತ್ತಿಲ್ಲವೇನೋ ಎಂದು ಎರಡು ಬಾಯಿಯ ವೈರ್ ತಂದು ಎರಡು ಕಡೆ ಸಿಕ್ಕಿಸಿದ. ಈ ಸಲ ಜೋರಾಗಿ ತಿರುಗಿತು. ಟಕ್ ಸದ್ದು ನಿಂತಿತು. ಆದರೂ ಓದಲಿಲ್ಲ.

ಟ್ರೇ ಹೊರಗೆಳೆದು, ಮೊಬೈಲ್ ಟಾರ್ಚ್ ಹಾಕಿ, ಅದರಲ್ಲಿದ್ದ ಸಾಸಿವೆಯಷ್ಟು ಗಾತ್ರದ ಗಾಜಿನ ಕಣ್ಣನ್ನು ನೋಡಿದ. ಇನ್ನೂ ಬಗ್ಗಿದ. ಮೂಗು ಹತ್ತಿರ ತಂದ. ತಟ್ಟನೆ ನಿಂತ.

ಕಣ್ಣಲ್ಲಿದ್ದ ನಗು ಹೋಗಿತ್ತು.

"ಮನೇಲಿ ಇದನ್ನ ಯಾರು ಮುಟ್ತಾರೆ?"

"ನಾನು, ನಮ್ ತಾತ. ಇನ್ಯಾರಿದ್ದಾರೆ? ಯಾಕೆ? ಯಾರಾದ್ರೂ ಏನಾದ್ರೂ ಮಾಡಿದ್ದಾರಾ? ಹೇಳಿ! ತಾತನೇ ಆಗ್ಲಿ, ಇವತ್ತು ಬಿಡಲ್ಲ ನಾನು!"

"ತಾತ ಅಂದ್ರೆ..."

"ಶೆಟ್ಟಿಕೆರೆ ಮರುಳಸಿದ್ದಯ್ಯ ಮೇಷ್ಟ್ರು."

ಜ್ಞಾನೇಶ್ ಒಂದು ಗಳಿಗೆ ಅವಳನ್ನೇ ನೋಡಿದ. ಮೆಲ್ಲಗೆ ಟ್ರೇ ಮುಚ್ಚಿದ.

"ಯಾರೂ ಏನೂ ಮಾಡಿಲ್ಲ. ತಪ್ಪು ನನ್ನದೇ. ಡ್ರೈವ್ ಬಿಟ್ಟೋಗಿ, ಬಿಚ್ಚಿ ಸರಿ ಮಾಡ್ತೀನಿ."

"ಈಗ ಬಂದ್ರಾ ದಾರಿಗೆ!" ವರ್ಷಿಣಿಗೆ ಗೆದ್ದಷ್ಟು ಖುಷಿ. "ಡ್ರೈವ್ ಕೊಡ್ತೀನಿ, ಡಿಸ್ಕ್ ಕೊಡಲ್ಲ. ನಿಮ್ಮನ್ನ ನಂಬಿ ಒಂದ್ಸಲ ಕೆಟ್ಟಿದ್ದು ಸಾಕು."

"ಹಂಗಾದ್ರೆ ಗುರುವಾರ ನಾನೇ ನಿಮ್ಮನೆಗೆ ತರ್ತೀನಿ. ಅಲ್ಲೇ ಹಾಕಿ ನೋಡೋಣ."

ಅಲ್ಲಿಗೇ ಸುಮ್ಮನಾಗಬಹುದಿತ್ತು ಹುಡುಗಿ. ಆಗಲಿಲ್ಲ! ಬಸ್ ಸ್ಟ್ಯಾಂಡಿನಲ್ಲೇ ನಿಂತು ಸಂಘದ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಬಿಟ್ಟಳು.

"ಅಕ್ಕಂದಿರೇ, ತಿಪಟೂರಿನ ಜ್ಞಾನೇಶ್ ಅಂಗಡಿಗೆ ಯಾರೂ ಏನೂ ರಿಪೇರಿಗೆ ಕೊಡಬೇಡಿ. ನಮ್ ತಾತನ ಡಿಸ್ಕ್ ಓದದ ಹಂಗೆ ಮಾಡವ್ನೆ. ಅವನ ಬಾಯಲ್ಲೇ ಒಪ್ಪಿಸಿ ಬಂದಿದ್ದೀನಿ!"

ಕೇಳಿದವರು ಅರವತ್ತೆರಡು ಜನ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆ ಮುಂದೆ ಬೈಕ್ ನಿಂತಿತು.

ಹಜಾರದಲ್ಲಿ ಕುರ್ಚಿಯ ಮೇಲಿದ್ದ ಮೇಷ್ಟ್ರನ್ನು ಕಂಡವನೇ ಜ್ಞಾನೇಶ್ ಹೋಗಿ ಕಾಲು ಮುಟ್ಟಿದ. "ಮೇಷ್ಟ್ರೇ, ಅರಳಗುಪ್ಪೆ ಶಂಭುಲಿಂಗಯ್ಯನ ಮಗ ನಾನು. ನಮ್ಮಪ್ಪ ನಿಮ್ಮ ಹತ್ರ ಮೂರು ನಾಟಕ ಕಲಿತೋರು. ಈಗ್ಲೂ ತೆಂಗಿನ ಮರಕ್ಕೆ ನೀರು ಬಿಡ್ತಾ ನಿಮ್ಮ ಹಾಡೇ ಹೇಳೋದು."

ಮೇಷ್ಟ್ರ ಮುಖ ಅರಳಿತು. ಎಡಗೈ ಎತ್ತಿ ಅವನ ತಲೆಯ ಮೇಲಿಟ್ಟರು.

*ಅಯ್ಯೋ, ಇವನೇನು ಇಷ್ಟು ಒಳ್ಳೆಯವನ ಥರ...* ವರ್ಷಿಣಿ ಮನಸ್ಸನ್ನು ಗದರಿಸಿಕೊಂಡಳು. ಸಂಘದ ಮೂವರು ರಿಪೇರಿಗೆ ಕೊಟ್ಟದ್ದನ್ನು ವಾಪಸ್ ತಂದಿದ್ದಾರೆಂದು ಭೈರಮ್ಮ ನಿನ್ನೆ ಹೇಳಿದ್ದರು. ಇವನಿಗೂ ಕಾರಣ ಗೊತ್ತಿರಲೇಬೇಕು. ಆದರೂ ಒಂದು ಮಾತಾಡಲಿಲ್ಲವಲ್ಲ?

ಡ್ರೈವ್ ಸಿಕ್ಕಿಸಿ ಮೊದಲ ಡಿಸ್ಕ್ ಹಾಕಿದರು. ಗುರ್ರ್... ಪರದೆಯ ಮೇಲೆ ಡಿಸ್ಕಿನ ಚಿತ್ರ ಮೂಡಿತು. ಒತ್ತಿದರೆ...

ತಾತನ ಗಂಟಲು!

ಗಟ್ಟಿ, ತುಂಬು, ಮನೆಯ ಸೂರು ಮುಟ್ಟುವ ಗಂಟಲು. ಲಕ್ವ ಹೊಡೆದ ಮೇಲೆ ಆ ಡಿಸ್ಕು ಹಾಕುವ ಧೈರ್ಯ ಬಾರದೆ ವರ್ಷಿಣಿ ಎರಡು ವರ್ಷದಿಂದ ಅದನ್ನು ಕೇಳಿರಲಿಲ್ಲ. ಕಣ್ಣೀರು ತಾನಾಗಿ ಇಳಿಯಿತು, ಅವಳು ಒರೆಸಿಕೊಳ್ಳಲೂ ಇಲ್ಲ. ಮೇಷ್ಟ್ರು ಮಾತ್ರ ಅಳಲಿಲ್ಲ. ಎಡಗೈಯಲ್ಲಿ ಕುರ್ಚಿಯ ಮೇಲೆ ತಾಳ ಹಾಕುತ್ತಾ, ಒಂದು ಕಡೆ ರೆಕಾರ್ಡಿನ ಹಳೆಯ ತಬಲದವನು ಆತುರಪಟ್ಟಾಗ ಅವನತ್ತ ಸಿಟ್ಟಿನಿಂದ ಕೈ ಬೀಸಿದರು.

"ಮೇಷ್ಟ್ರು ಇನ್ನೂ ಬಿಡಲ್ಲ ನೋಡಿ!" ಎಂದು ಜ್ಞಾನೇಶ್ ನಕ್ಕ. ವರ್ಷಿಣಿ ಅತ್ತುಕೊಂಡೇ ನಕ್ಕಳು. ಇಬ್ಬರ ಕಣ್ಣೂ ಸೇರಿದವು.

ಡಿಸ್ಕಿನ ಮೇಲೆ ಗೀರುಗಳಿದ್ದವು. ಅದಕ್ಕೆ ಅವನು ಬೇರೆ ಒಂದು ಪ್ರೋಗ್ರಾಮ್ ಓಡಿಸಿದ. "ಕೆಟ್ಟ ಜಾಗ ಸಿಕ್ರೆ ಇದು ಅಲ್ಲೇ ಹಠ ಹಿಡಿಯಲ್ಲ. ಚೆನ್ನಾಗಿರೋದನ್ನೆಲ್ಲ ಮೊದ್ಲು ಎತ್ತಿಕೊಂಡು, ಆಮೇಲೆ ವಾಪಸ್ ಬಂದು ಚೂರುಚೂರೇ ಓದುತ್ತೆ. ನಿಧಾನ."

"ಆಗ್ಲಿ ಬಿಡಿ," ಎಂದಳು. *ನಿಧಾನವಾದರೇನು...* ಎಂದು ಒಳಗೇ ಅಂದುಕೊಂಡು ಬೆಚ್ಚಿಬಿದ್ದಳು.

ಒಂದು ಗಂಟೆಯ ಹೊತ್ತಿಗೆ ಮೊದಲನೆಯದು ಮುಗಿಯಿತು. ಎರಡನೆಯದನ್ನು ಹಾಕಲು ಅವನು ಟ್ರೇ ಹೊರಗೆಳೆದ.

ಕಿರ್ರ್...

"ತಡೀರಿ ತಡೀರಿ!" ವರ್ಷಿಣಿ ಎದ್ದು ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ತಂದಳು. ಆ ಸೀಮೆಯ ಮನೆಗಳಲ್ಲಿ ಬಾಗಿಲು ಕಿರುಗುಟ್ಟಿದರೂ ಅದೇ, ಹೊಲಿಗೆ ಮಿಷನ್ನಿಗೂ ಅದೇ, ತಲೆಗೂ ಅದೇ. "ಒಂದು ತೊಟ್ಟು ಬಿಟ್ರೆ ಸದ್ದು ನಿಲ್ಲುತ್ತೆ. ಲ್ಯಾಪ್‌ಟಾಪ್ ನಿಮ್ಮಂಗಡೀಲಿದ್ದಾಗ್ಲೂ ಹಂಗೇ ಮಾಡಿ—"

"ಬೇಡ ಕಣ್ರೀ!"

ಅವನು ಅವಳ ಮಣಿಕಟ್ಟು ಹಿಡಿದುಬಿಟ್ಟಿದ್ದ. ಒಂದು ತೊಟ್ಟು ಎಣ್ಣೆ ಅವನ ಕೈಮೇಲೆ ಬಿತ್ತು.



"ಎಣ್ಣೆ ಬಿಟ್ಟಿದ್ದು... ನೀವಾ?" ಎಂದ ಜ್ಞಾನೇಶ್. "ಮೇಷ್ಟ್ರು ಅನ್ಕೊಂಡಿದ್ದೆನಲ್ರೀ!"

"ಏನು?"

"ಆ ಗಾಜಿನ ಕಣ್ಣಿನ ತುಂಬ ಕೊಬ್ಬರಿ ಎಣ್ಣೆ ಇತ್ತು. ಅದಕ್ಕೇ ಡಿಸ್ಕ್ ಕಾಣ್ತಿರಲಿಲ್ಲ."

ವರ್ಷಿಣಿ ಕೈಲಿದ್ದ ಬಾಟಲಿಯನ್ನು ನೋಡಿದಳು. "ಅಂದ್ರೆ... ಸೋಮವಾರವೇ ನಿಮಗೆ ಗೊತ್ತಿತ್ತು."

"ಹೂಂ."

"ಗೊತ್ತಿದ್ದೂ ತಪ್ಪು ನನ್ನದು ಅಂದ್ರಿ!"

"ತಾತನೇ ಆಗ್ಲಿ ಬಿಡಲ್ಲ ಅಂದ್ರಲ್ಲ ನೀವು. ಮಾತಾಡೋಕಾಗದ ಮನುಷ್ಯ, ನಿಮ್ಮ ಕೈಲಿ ಬೈಸ್ಕೊಂಡು ಕೂರೋದು ಬೇಡ ಅನ್ನಿಸ್ತು. ನಮ್ಮಪ್ಪ ದಿನಾ ಹೆಸರು ಹೇಳೋ ಮೇಷ್ಟ್ರು ಅವರು..."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ ಒಂದು ಕಡೆ, ಅದಕ್ಕಿಂತ ಜೋರಾಗಿ ಸಿಟ್ಟು.

"ನಾನು ಅರವತ್ತೆರಡು ಜನಕ್ಕೆ ಹೇಳಿದ್ದೀನ್ರೀ, ನೀವು ಕೆಲಸ ಬಾರದೋನು ಅಂತ! ಒಂದು ಮಾತು ನಿಜ ಹೇಳಿದ್ರೆ ನಾನು ಆ ಪಾಪ ಮಾಡ್ತಿರಲಿಲ್ಲ. ನನ್ನನ್ನ ಸುಳ್ಳಿ ಮಾಡಿಬಿಟ್ರಲ್ಲ!"

"ಆಯ್ತು, ಈಗ ಯಾರಿಗೂ ಹೇಳಬೇಡಿ," ಎಂದ ಅವನು, ಮೆತ್ತಗೆ. "ಭಾನುವಾರ ಭೈರಮ್ಮ ನಿಮ್ಮನ್ನ ಒಪ್ಪಬೇಕು. ತಾನು ಕೆಡಿಸಿ ಬೇರೆಯವರ ಮೇಲೆ ಹಾಕಿದ್ಳು ಅಂತ ಗೊತ್ತಾದ್ರೆ ನಾಳೆನೇ ಪರಮೇಶ್ ಮೇಷ್ಟ್ರಿಗೆ ಫೋನ್ ಹೋಗುತ್ತೆ. ನನ್ನ ಹೆಸರು ಹೋದ್ರೆ ಹೋಯ್ತು ಬಿಡಿ, ಆರು ತಿಂಗಳಿಗೆ ಮರೀತಾರೆ. ನಿಮಗೆ ಈ ಜಾಗ ಮತ್ತೆ ಸಿಗಲ್ಲ."

ಅದು ನಿಜವಾಗಿತ್ತು. ಅವಳು ಎಣ್ಣೆ ಬಾಟಲಿಯನ್ನು ವಾಪಸ್ ಕಿಟಕಿಯ ಮೇಲಿಟ್ಟಳು.

ಎರಡನೆಯ ಡಿಸ್ಕ್ ತಿರುಗತೊಡಗಿತು. ಆಮೇಲೆ ಅವಳು ಮುದ್ದೆ, ಉಪ್ಸಾರು ಬಡಿಸಿದಳು. ಊಟವಾದ ಮೇಲೆ ಹಾರ್ಮೋನಿಯಂ ಎಳೆದುಕೊಂಡು, ಆಗಲೇ ಸಿಕ್ಕಿದ್ದ ಹಾಡೊಂದನ್ನು ನುಡಿಸಿ ನೋಡಿದಳು. ತಪ್ಪಿದ ಕಡೆ ತಾತ ಕೋಲು ಕುಟ್ಟಿದರು. ಜ್ಞಾನೇಶ್ ಲ್ಯಾಪ್‌ಟಾಪ್ ಬಿಟ್ಟು ಅವಳ ಬೆರಳನ್ನೇ ನೋಡುತ್ತಿದ್ದ.

"ಎಷ್ಟಾಯ್ತ್ರೀ?" ಎಂದು ಅವಳು ಆಗಾಗ ಕೇಳುತ್ತಿದ್ದಳು.

"ಇನ್ನೂ ಇದೆ, ಇನ್ನೂ ಇದೆ," ಎನ್ನುತ್ತಿದ್ದ.

ಹೊರಟಾಗ ಸಂಜೆ ಐದೂವರೆ. ನಲವತ್ತೂ ಹಾಡು ಸಿಕ್ಕಿದ್ದವು. ಬೈಕಿನ ಸದ್ದು ದೂರವಾಗುತ್ತಿದ್ದಂತೆ ವರ್ಷಿಣಿಗೆ ಗೊತ್ತಾಯಿತು, ಈ ಮನುಷ್ಯ ತನಗೆ ಬೇಕು. ಒಂದು ವಾರವೂ ಆಗಿಲ್ಲ, ಅದೆಂಥಾ ಪ್ರೀತಿ ಎಂದು ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ಮಾತು ಬಾರದ ಮುದುಕನ ಮಾನ ಉಳಿಸಲು ತನ್ನ ಹೆಸರನ್ನೇ ಬಿಟ್ಟುಕೊಟ್ಟವನ ಮೇಲೆ ಒಂದು ವಾರದಲ್ಲಿ ಬಾರದ ಪ್ರೀತಿ ಇನ್ಯಾವಾಗ ಬಂದೀತು?

*ಆದರೆ ಅವನ ಹೆಸರನ್ನು ತುಳಿದು ನಾನು ಹಾರ್ಮೋನಿಯಂ ಮುಂದೆ ಕೂರಲಾ?*

ಶನಿವಾರದವರೆಗೂ ಈ ಪ್ರಶ್ನೆ ಅವಳನ್ನು ಕೊರೆಯಿತು. ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ನೆರಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಉತ್ತರ ಸಿಕ್ಕಿತ್ತು.

ಸಮುದಾಯ ಭವನದಲ್ಲಿ ಹೆಂಗಸರು ಗಿಜಿಗುಡುತ್ತಿದ್ದರು. ಮುಂದಿನ ಸಾಲಿನಲ್ಲಿ ಭೈರಮ್ಮ, ಕೈಕಟ್ಟಿಕೊಂಡು. ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು. ಹಾಡು ಕೇಳಿಸಲು ವರ್ಷಿಣಿ ಕರೆಸಿದ್ದ ಜ್ಞಾನೇಶ್ ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸುತ್ತಿದ್ದ. ಅವನನ್ನು ನೋಡಿ ಇಬ್ಬರು ಪಿಸುಗುಟ್ಟಿದರು. "ಇವನೇ ಅಲ್ವೇನೇ, ಡಿಸ್ಕ್ ಕೆಡಿಸಿದ್ದು? ಯಾಕೆ ಕರೆಸವ್ರೋ!"

ಅದು ವರ್ಷಿಣಿಯ ಕಿವಿಗೆ ಬಿತ್ತು. ಅವನ ಕಿವಿಗೂ ಬಿತ್ತು. ಅವನು ತಲೆ ಎತ್ತಲಿಲ್ಲ.

ಹಾರ್ಮೋನಿಯಂ ಮುಂದೆ ಕೂರಬೇಕಾದವಳು ನಿಂತಳು.

"ಪ್ರಾಕ್ಟೀಸಿಗೆ ಮುಂಚೆ ಒಂದು ಮಾತು ಹೇಳಬೇಕು."

ಜ್ಞಾನೇಶ್ ತಟ್ಟನೆ ನೋಡಿದ. ಬೇಡ ಎಂದು ತಲೆಯಾಡಿಸಿದ. ಅವಳು ನೋಡಿಯೂ ನೋಡದವಳಂತೆ ಮುಂದುವರಿಸಿದಳು.

"ಸೋಮವಾರ ನಾನು ಹಾಕಿದ ವಾಯ್ಸ್ ಮೆಸೇಜ್ ಸುಳ್ಳು. ತಾತನ ಡಿಸ್ಕ್ ಓದದ ಹಂಗೆ ಮಾಡಿದ್ದು ಇವರಲ್ಲ, ನಾನು. ಡ್ರೈವ್ ಕಿರುಗುಟ್ಟುತ್ತೆ ಅಂತ ಕೊಬ್ಬರಿ ಎಣ್ಣೆ ಬಿಟ್ಟೆ. ಕೆಟ್ಟೋಯ್ತು. ಗೊತ್ತಿಲ್ಲದೆ ಇವರ ಮೇಲೆ ಹಾಕಿದೆ. ಇವರು ಅದನ್ನ ಸರಿ ಮಾಡಿಕೊಟ್ರು, ಮಾತೂ ಕೇಳ್ಕೊಂಡ್ರು. ಅವತ್ತು ಎಲ್ಲರಿಗೂ ಕೇಳೋ ಹಂಗೆ ಬೈದಿದ್ದೆ, ಅದಕ್ಕೇ ಎಲ್ಲರ ಮುಂದೆ ಕ್ಷಮೆ ಕೇಳ್ತಿದ್ದೀನಿ. ಜ್ಞಾನೇಶ್, ನಂದು ತಪ್ಪಾಯ್ತು."

ಅವಳು ಭೈರಮ್ಮನ ಕಡೆ ತಿರುಗಿದಳು.

"ಇಷ್ಟು ಕೇಳಿದ ಮೇಲೂ ನಾನು ಬೇಕಾದ್ರೆ ಕೂರ್ತೀನಿ. ಬೇಡ ಅಂದ್ರೆ ಪರಮೇಶ್ ಮೇಷ್ಟ್ರನ್ನ ಕರೆಸಿ. ಈ ನಲವತ್ತು ಹಾಡನ್ನ ನಾನೇ ಅವರಿಗೆ ಒಪ್ಪಿಸ್ತೀನಿ."



ಭೈರಮ್ಮ ಕಟ್ಟಿದ ಕೈ ಬಿಚ್ಚಿದರು.

"ನಲವತ್ತು ವರ್ಷದಿಂದ ನಾಟಕ ನೋಡಿವ್ನಿ ಕಣವ್ವ. ತಾಳ ತಪ್ಪಿದ್ರೆ ತಬಲದೋನ್ನ ಬಯ್ಯೋ ಮೇಷ್ಟ್ರನ್ನೇ ಕಂಡಿದ್ದು. ನಿಮ್ ತಾತನೂ ಅಷ್ಟೇ, ಬೇಕಾದ್ರೆ ಕೇಳು." ಮೇಷ್ಟ್ರು ಮುಖ ಆ ಕಡೆ ತಿರುಗಿಸಿಕೊಂಡರು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. "ನಂದು ತಪ್ಪು ಅಂದ ಮೇಷ್ಟ್ರನ್ನ ಇವತ್ತೇ ಕಂಡಿದ್ದು. ನಾವೂ ತಪ್ತೀವಿ, ನಮಗೆ ಇಂಥೋಳೇ ಬೇಕು. ಕೂತ್ಕೊ, ಶುರು ಮಾಡು!"

ಕೂತಳು. ತಾತನ ಗಂಟಲು ಸ್ಪೀಕರಿನಲ್ಲಿ ಒಂದು ಸಾಲು ಹೇಳಿತು. ಅವಳ ಬೆರಳು ಅದನ್ನು ಹಿಡಿಯಿತು. ಹಿಂದೆಯೇ ಮೂವತ್ತು ಹೆಣ್ಣುಗಂಟಲುಗಳು ಎತ್ತಿಕೊಂಡವು.

ಪ್ರಾಕ್ಟೀಸ್ ಮುಗಿದು ಹೊರಬಂದಾಗ ಜ್ಞಾನೇಶ್ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ.

"ಹೇಳಬೇಡಿ ಅಂದಿದ್ದೆ."

"ನಿಮ್ಮ ಮಾತು ಕೇಳೋಕೆ ನಾನೇನು ನಿಮ್ಮ ಹೆಂಡ್ತೀನಾ?" ಎಂದುಬಿಟ್ಟಳು. ಅಂದಮೇಲೆ ಕಿವಿಯೆಲ್ಲ ಬಿಸಿಯಾಯಿತು.

ಅವನು ನಗಲಿಲ್ಲ. "ಅಷ್ಟು ಜನರ ಮುಂದೆ ನನಗೋಸ್ಕರ ಯಾರೂ ನಿಂತಿರಲಿಲ್ಲ ಕಣ್ರೀ."

"ನನಗೋಸ್ಕರ ಇನ್ಮೇಲೆ ಸುಳ್ಳು ಹೇಳಬೇಡಿ. ಒಳ್ಳೇದಕ್ಕೂ ಬೇಡ."

"ಹಂಗಾದ್ರೆ ಇನ್ನೊಂದನ್ನೂ ಒಪ್ಕೊಂಡುಬಿಡ್ತೀನಿ," ಎಂದು ಅವನು ತಲೆ ಕೆರೆದುಕೊಂಡ. "ಗುರುವಾರ ಆ ಎರಡನೇ ಡಿಸ್ಕ್ ಮೂರು ಗಂಟೆಗೇ ಮುಗಿದಿತ್ತು."

"ಐದೂವರೆವರೆಗೆ ಏನ್ ಮಾಡ್ತಿದ್ರಿ ಮತ್ತೆ?!"

"ನಿಮ್ಮನ್ನ ನೋಡ್ತಿದ್ದೆ."

ವರ್ಷಿಣಿಗೆ ಸಿಟ್ಟು ಬರಬೇಕಿತ್ತು. ಹುಡುಕಿದರೂ ಸಿಗಲಿಲ್ಲ. ಸೆರಗು ಸರಿಮಾಡಿಕೊಂಡು, ಅವನ ಕಣ್ಣಿಗೇ ಕಣ್ಣಿಟ್ಟು ಹೇಳಿದಳು.

"ಮುಂದಿನ ಭಾನುವಾರ ನಿಮ್ಮ ಅಪ್ಪ ಅಮ್ಮನ್ನ ಕರ್ಕೊಂಡು ಬನ್ನಿ."

"ಪ್ರಾಕ್ಟೀಸ್ ನೋಡೋಕಾ?"

"ಹೆಣ್ಣು ನೋಡೋಕೆ."

ಜ್ಞಾನೇಶ್ ಕಂಬ ಬಿಟ್ಟು ನೆಟ್ಟಗೆ ನಿಂತ. ಮೆಲ್ಲಗೆ, "ಹೆಣ್ಣು ಒಪ್ಪುತ್ತಾ?" ಎಂದ.

"ಹೆಣ್ಣು ಒಪ್ಪಿ ಮೂರು ದಿನ ಆಯ್ತು ಕಣ್ರೀ. ನೀವು ಬೇಗ ಬನ್ನಿ."